ಸನ್ಯಾಸಿಯ ಆರು ಗಂಟೆ ಮೌನ

ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬೆಂಗಳೂರಿನ ಎನ್.ಆರ್. ಕಾಲೋನಿಯ ಯೋಗಾನಂದ ಅಡಿಗೆಮನೆಯ ತಕ್ಕಡಿಯ ಮೇಲೆ ಬ್ರೆಡ್ ತೂಗುತ್ತಿದ್ದ. ಒಂದು ಪೌಂಡ್, ಅಂದರೆ ನಾನೂರ ಐವತ್ತನಾಲ್ಕು ಗ್ರಾಂ ಬರಬೇಕಿತ್ತು. ಎಂಟು ಗ್ರಾಂ ಹೆಚ್ಚಿತ್ತು. ಅಂಚು ಚಿವುಟಿ ಬಾಯಿಗೆ ಹಾಕಿಕೊಂಡ. ಸಾವಿರ ವರ್ಷದ ಹಿಂದೆ ಯುರೋಪಿನ ಮಠಗಳಲ್ಲಿ ಒಬ್ಬ ಸನ್ಯಾಸಿಗೆ ದಿನಕ್ಕೆ ಇಷ್ಟೇ ರೊಟ್ಟಿಯಂತೆ.

ಇದೆಲ್ಲ ಭಾನುವಾರದ ಆಟಕ್ಕಾಗಿ. ಐದು ಜನ ಗೆಳೆಯರು (ಎಲ್ಲರಿಗೂ ಹೆಂಡತಿ ಮಕ್ಕಳಿದ್ದಾರೆ) ಊಟದ ಮೇಜಿನ ಸುತ್ತ ಕೂತು, ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳನಾಗಿ, ದಾಳ ಉರುಳಿಸಿ ಇಲ್ಲದ ರಾಕ್ಷಸರನ್ನು ಕೊಲ್ಲುವ ಆಟ. ಅದರಲ್ಲಿ ಸನ್ಯಾಸಿಯ ಪಾತ್ರವೂ ಒಂದಿತ್ತು, ಆದರೆ ಅವನು ಕುಂಗ್‌ಫೂ ವೀರನಂತೆ ಹಾರಿ ಹಾರಿ ಒದೆಯುತ್ತಿದ್ದ. ಔಷಧಿ ಕಂಪನಿಯ ಲ್ಯಾಬಿನಲ್ಲಿ ದಿನವಿಡೀ ತಪ್ಪು ಹುಡುಕುವ ಯೋಗಾನಂದನಿಗೆ ಇದು ಮಹಾಪರಾಧವಾಗಿ ಕಂಡಿತು. ಮೂರು ತಿಂಗಳು ಓದಿ, ಪುಸ್ತಕ ನಕಲು ಮಾಡುವ, ಮೌನ ಪಾಲಿಸುವ ಅಸಲಿ ಸನ್ಯಾಸಿಯನ್ನು ರಚಿಸಿದ್ದ. ಅವನು ಆರು ಗಂಟೆ ಮೌನವಾಗಿದ್ದರೆ ದೆವ್ವಗಳು ದಾರಿ ಬಿಡಬೇಕು ಎಂಬುದು ಹೊಸ ನಿಯಮ.

ಆಟ ನಡೆಸುವ ಶಿವಶಂಕರ್ ನಕ್ಕಿದ್ದ. “ಆರ್ ಗಂಟೆ ಯಾರ್ ಗುರು ಬಾಯ್ ಮುಚ್ಕೊಂಡಿರ್ತಾರೆ? ನೀನೇ ಇದ್ದು ತೋರ್ಸು. ಇಲ್ಲಾಂದ್ರೆ ನಿನ್ ಸನ್ಯಾಸೀನೂ ಒದೀತಾನೆ!”

“ಪರೀಕ್ಷೆ ಮಾಡದ ನಿಯಮ ನಿಯಮಾನೇ ಅಲ್ಲ. ನನ್ ಹೆಂಡ್ತೀನೇ ಸಾಕ್ಷಿ,” ಎಂದಿದ್ದ ಯೋಗಾನಂದ.

ಆರೂವರೆಗೆ ಮೌನ ಶುರುವಾಯಿತು.

“ಏನಮ್ಮ, ಇವನಿಗೆ ಗಂಟ್ಲು ನೋವಾ?” ಎಂದು ಅವನ ತಾಯಿ ಅಂಜನಮ್ಮ ಸೊಸೆಯನ್ನು ಕೇಳಿದರು.

“ಇಲ್ಲ ಅತ್ತೆ, ಸನ್ಯಾಸಿ ಆಗಿದಾರೆ,” ಎಂದಳು ಧನಲಕ್ಷ್ಮಿ.

“ಮನೇಲ್ ಒಂದ್ ಮಾತು ಹೇಳ್ಬಿಟ್ಟು ಆಗ್ಬಾರ್ದಾ?”

ಎಂಟು ಗಂಟೆಗೆ ಧನಲಕ್ಷ್ಮಿಗೆ ಮೌನದ ಮಹಿಮೆ ಹೊಳೆಯಿತು. “ರೀ, ಹಳೇ ಸೋಫಾ ಕೊಟ್ಬಿಡ್ಲಾ? ಬೇಡ ಅಂದ್ರೆ ಬೇಡ ಅನ್ನಿ.” ಯೋಗಾನಂದ ಕಣ್ಣು ಬಿಟ್ಟ. “ಸರಿ, ಒಪ್ಕೊಂಡ್ರು.” ಒಂಬತ್ತಕ್ಕೆ ಅವಳ ಚಿಕ್ಕಮ್ಮ ಹದಿನೈದು ದಿನ ಬಂದಿರುವುದೆಂದಾಯಿತು. ಹತ್ತೂವರೆಗೆ ಅವನ ಪುಸ್ತಕದ ಕಪಾಟು ಬಾಲ್ಕನಿ ಸೇರುವುದೆಂದಾಯಿತು. ಸನ್ಯಾಸಿಯ ಮುಖ ಕೆಂಪಾಯಿತು, ತುಟಿ ಮಾತ್ರ ಬಿಚ್ಚಲಿಲ್ಲ. ನಾಳೆ ಮೇಜಿನ ಮುಂದೆ ತನ್ನ ಸನ್ಯಾಸಿ ಒದೆಯಬಾರದು, ಅಷ್ಟೇ.

ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷ. ಇನ್ನು ನಾಲ್ಕೇ ನಿಮಿಷ. ಮುದ್ದೆಗೆ ಎಸರಿಟ್ಟಿದ್ದ ಧನಲಕ್ಷ್ಮಿ ಶಿವಶಂಕರನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟಳು. ಆಮೇಲೆ ಪಾತ್ರೆಯೊಳಗೆ ಇಣುಕಿ, ಅತ್ತೆಗೆ ಹೇಳುವವಳಂತೆ ಹೇಳಿದಳು:

“ಕುದೀತಾ ಇದೆ ಅತ್ತೆ. ಅಂದ್ರೆ ಸರಿಯಾಗಿ ನೂರು ಡಿಗ್ರಿ.”

ಯೋಗಾನಂದ ಕುರ್ಚಿಯ ಕೈ ಹಿಡಿದ. ಗಡಿಯಾರ ನೋಡಿದ.

“ಎಲ್ಲಾ ಊರಲ್ಲೂ ನೂರೇ,” ಎಂದಳು ಅವಳು.

“ಅಲ್ಲ ಕಣೇ! ಅದು ಸಮುದ್ರ ಮಟ್ಟದಲ್ಲಿ! ನಾವು ಒಂಬೈನೂರು ಮೀಟರ್ ಮೇಲಿದೀವಿ, ಇಲ್ಲಿ ನೂರಕ್ಕೆ ಮುಂಚೇನೇ ಕುದಿಯುತ್ತೆ!”

“ಒದೀತಾನೆ!” ಎಂದು ಫೋನಿನಿಂದ ಶಿವಶಂಕರ್ ಕಿರುಚಿದ.

ಯೋಗಾನಂದ ಕುಸಿದು ಕೂತ. “ಸೋಫಾ ಹೋದ್ರೂ ತಡ್ಕೊಂಡಿದ್ದೆ. ಇದು ನಿಂಗೆ ಹೆಂಗೆ ಹೊಳೀತು?”

ಧನಲಕ್ಷ್ಮಿ ಹಿಟ್ಟು ಸುರಿಯುತ್ತ ನಕ್ಕಳು. “ಹೆಣ್ಣು ನೋಡೋಕೆ ಚಾಮರಾಜಪೇಟೆಗೆ ಬಂದಿದ್ರಲ್ಲ, ನೆನಪಿದ್ಯಾ? ಅರ್ಧ ಗಂಟೆ ಬಾಯೇ ಬಿಡ್ಲಿಲ್ಲ. ಹುಡುಗ ಮೂಗ ಅನ್ಕೊಂಡಿದ್ವಿ. ಕಾಫಿ ಬಿಸಿ ಇದೆ, ನೂರು ಡಿಗ್ರಿ, ಹುಷಾರು ಅಂತ ನಾನು ತಮಾಷೆ ಮಾಡಿದ್ದಕ್ಕೆ ತಲೆ ಎತ್ತಿದ್ರಿ. ಅವತ್ತೇ ಒಪ್ಕೊಂಡೆ. ತಲೆ ಎತ್ತಿ ಏನಂದಿದ್ರಿ ಹೇಳಿ?”

ಯೋಗಾನಂದ ಮುದ್ದೆಯ ಕೋಲನ್ನೇ ನೋಡುತ್ತ, ಹನ್ನೊಂದು ವರ್ಷದ ಹಿಂದಿನಷ್ಟೇ ಮೆಲ್ಲಗೆ ಹೇಳಿದ:

“ಬೆಂಗಳೂರಲ್ಲಿ ತೊಂಬತ್ತೇಳು.”