ಮುಹೂರ್ತಕ್ಕೆ ಬೀಗ ಬೇಡವೆಂದು ವಾದಿಸಿದ್ದು

ಬೇಲೂರಿನ ಕಾಲೇಜಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಸೋತದ್ದು ಕಡಿಮೆ. ಬೆಳಿಗ್ಗೆ ಹಳೇಬೀಡಿನಲ್ಲಿ ಒಂದು ವಿಷಯವನ್ನು ಸಮರ್ಥಿಸಿ, ಮಧ್ಯಾಹ್ನ ಹಾಸನದಲ್ಲಿ ಅದನ್ನೇ ಖಂಡಿಸಿ, ಎರಡು ಕಡೆಯಿಂದಲೂ ಕಪ್ ಹೊತ್ತು ತಂದವಳು. ಆದ್ದರಿಂದ ಒಂದು ಹಾರ್ಡ್ ಡಿಸ್ಕಿನ ಜೊತೆ ವಾದಕ್ಕಿಳಿದಾಗ ನನಗೆ ಸ್ವಲ್ಪವೂ ಅಳುಕಿರಲಿಲ್ಲ. ಅದು ಮಾತಾಡುವುದಿಲ್ಲವಲ್ಲ! ಮಾತಾಡದ ಎದುರಾಳಿ ಎಷ್ಟು ಅಪಾಯಕಾರಿ ಎಂದು ಗೊತ್ತಾಗುವಷ್ಟರಲ್ಲಿ ಒಂದು ಮದುವೆ ಮುಳುಗಿತ್ತು.

ನನ್ನ ಗಂಡ ಶಶಿಧರ ಅರಸೀಕೆರೆಯಲ್ಲಿ ಮದುವೆ ವೀಡಿಯೊ ತೆಗೆಯುವ ಸ್ಟುಡಿಯೊ ಇಟ್ಟಿದ್ದಾನೆ. ಅವನು ತೆಗೆಯುತ್ತಾನೆ, ಕಂಪ್ಯೂಟರ್ ಓದಿದ ನಾನು ಕಾಪಾಡುತ್ತೇನೆ. ಕಾಗದದ ಮೇಲೆ ಏರ್ಪಾಡು ಹೀಗೆ. ವೀಡಿಯೊಗಳು ಬೆಳೆದು ಜಾಗ ಸಾಲದೆ ಬಂದಾಗ, ಯಾವುದೋ ದೊಡ್ಡ ಕಂಪನಿ ಬಳಸಿ ಬಿಟ್ಟ ಭಾರಿ ಡ್ರೈವ್ ಒಂದನ್ನು ಅಗ್ಗಕ್ಕೆ ತರಿಸಿದೆ. ಅದು ಸಾಮಾನ್ಯ ಡ್ರೈವ್ ಅಲ್ಲ, ಒಳಗೆ ವಲಯಗಳಾಗಿ ವಿಂಗಡಿಸಿದ್ದು.

“ವಲಯ ಅಂದ್ರೆ ಏನೇ?” ಎಂದ ಶಶಿ.

“ನಿಮ್ಮನೆ ಕೊಬ್ಬರಿ ಅಟ್ಟ ಇಲ್ವಾ, ಹಾಗೆ. ಖಾನೆ ಖಾನೆ. ಒಂದೊಂದು ಖಾನೆಗೂ ಹಿಂದಿನ ಗೋಡೆಯಿಂದ ಸಾಲಾಗಿ ಕಾಯಿ ಜೋಡಿಸ್ಕೊಂಡು ಬರಬೇಕು. ಮಧ್ಯೆ ಜಾಗ ಬಿಡೋ ಹಾಗಿಲ್ಲ. ಜೋಡಿಸಿದ ಮೇಲೆ ಮಧ್ಯದ ಒಂದು ಕಾಯಿ ಬದಲಾಯಿಸೋ ಹಾಗೂ ಇಲ್ಲ. ಬೇಕಿದ್ರೆ ಇಡೀ ಖಾನೆ ಖಾಲಿ ಮಾಡಿ ಮೊದಲಿಂದ ಶುರು ಮಾಡಬೇಕು.”

“ಅಂದ್ರೆ ನಮ್ಮಜ್ಜನ ಅಟ್ಟಾನೇ ಡಬ್ಬಿಗೆ ಹಾಕವ್ರೆ ಅನ್ನು. ಇದಕ್ಕೆ ನೀನು ಅಷ್ಟೊಂದು ಓದ್ಬೇಕಾಗಿತ್ತಾ?”

ಈ ಪ್ರಶ್ನೆಗೆ ಉತ್ತರಿಸುವುದನ್ನು ನಾನು ಗೌರವಪೂರ್ವಕವಾಗಿ ನಿರಾಕರಿಸಿದೆ.

ಯಾವ ಫೈಲು ಯಾವ ಖಾನೆಯಲ್ಲಿ ಕೂರಬೇಕೆಂದು ನೋಡಿಕೊಳ್ಳುವ ತಂತ್ರಾಂಶಕ್ಕೆ ಫೈಲ್ ಸಿಸ್ಟಂ ಎನ್ನುತ್ತಾರೆ. ಇಂಥ ಡ್ರೈವಿಗೆಂದೇ ಬರೆದದ್ದು ಬಿಟ್ಟಿಯಾಗಿ ಸಿಗುತ್ತದೆ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಲೂಬಹುದು. ಯಾರು ಬೇಕಾದರೂ ಎಂದರೆ ನಾನೂ ಸೇರಿ. ಲೋಕದ ಉದಾರತೆಗೂ ಒಂದು ಮಿತಿ ಇರಬೇಕಿತ್ತು.

ಕಾಪಿ ಮಾಡುವುದು ನಿಧಾನ ಅನ್ನಿಸಿ ಕೋಡ್ ತೆರೆದೆ. ಪ್ರತಿ ಖಾನೆಗೂ ಒಂದು ಬೀಗ ಇಟ್ಟಿದ್ದರು. ಬರೆಯಲು ಬಂದವನು ಮೊದಲು ಬೀಗ ಹಿಡಿಯಬೇಕು, ತನ್ನ ಜಾಗ ಯಾವುದೆಂದು ಕೇಳಬೇಕು, ಸರಕು ಡ್ರೈವಿಗೆ ಹೊರಡುವ ತನಕ ಬೀಗ ಹಿಡಿದೇ ಇರಬೇಕು. ಆಮೇಲಷ್ಟೇ ಮುಂದಿನವನ ಸರದಿ. ಮೇಲುಗಡೆ ಒಂದು ಸಾಲಿನ ಎಚ್ಚರಿಕೆ: ಬರಹ ಹೊರಡುವ ತನಕ ಈ ಬೀಗ ಬಿಡಬೇಡಿ. ಕಾರಣ ಇಲ್ಲ, ವಿವರಣೆ ಇಲ್ಲ!

ದೀಪ ಹಚ್ಚಿದ ಮೇಲೆ ಕಸ ಗುಡಿಸಬೇಡ ಎನ್ನುವ ನಮ್ಮತ್ತೆಯ ಧಾಟಿಯೇ ಇದು. ಯಾಕೆ ಅಂತ ಕೇಳಿದರೆ “ಗುಡಿಸ್ಬಾರ್ದು ಅಂದ್ರೆ ಗುಡಿಸ್ಬಾರ್ದು ಕಣಮ್ಮ” ಎಂಬುದೇ ಉತ್ತರ. ಕಾರಣ ಹೇಳದ ನಿಷೇಧವನ್ನು ಪ್ರಶ್ನಿಸದೆ ಒಪ್ಪುವುದು ನನ್ನ ಜಾಯಮಾನವಲ್ಲ.

“ಶಶಿ, ನೀನೇ ಹೇಳು,” ಎಂದು ಅವನನ್ನು ತೀರ್ಪುಗಾರನ ಸ್ಥಾನದಲ್ಲಿ ಕೂರಿಸಿದೆ. “ಬಸ್ಸಿಗೆ ರಿಸರ್ವೇಶನ್ ಮಾಡಿಸ್ತೀಯ. ಸೀಟ್ ನಂಬರ್ ಕೈಗೆ ಬಂದ ಮೇಲೆ ಕೌಂಟರ್ ಬಿಟ್ಟು ಸರೀಬೇಕೋ, ಬಸ್ ಹತ್ತೋ ತನಕ ಅಲ್ಲೇ ನಿಂತಿರಬೇಕೋ?”

“ಸರೀಬೇಕು.”

“ಹಾಗಾದ್ರೆ ಈ ಬೀಗ?”

“ಅದು ಬಸ್ಸಲ್ವಲ್ಲ. ನೀನೇ ಅಟ್ಟ ಅಂದಿದ್ದೆ.”

“ವಿಷಯಾಂತರ ಮಾಡಬೇಡ!”

ಹೀಗೆ ಸರ್ವಾನುಮತದಿಂದ ನಾನು ಗೆದ್ದೆ. ಬೀಗ ಬಿಡಿಸುವ ಸಾಲನ್ನು ಮೇಲಕ್ಕೆ ಸರಿಸಿದೆ. ಜಾಗ ಸಿಕ್ಕಿದ ಕ್ಷಣವೇ ಬೀಗ ಬಿಡುಗಡೆ. ಪರೀಕ್ಷೆಗೆಂದು ಒಂದು ಹಳೆಯ ನಾಮಕರಣದ ಫೈಲ್ ಕಾಪಿ ಮಾಡಿದೆ. ಸರಾಗವಾಗಿ ಹೋಯಿತು. ಸಾಲಿನಲ್ಲಿ ಒಬ್ಬನೇ ನಿಂತಿದ್ದರೆ ಸಾಲು ತಪ್ಪುವುದು ಹೇಗೆ ತಾಯಿ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಅದೇ ವಾರ ಕಣಕಟ್ಟೆಯ ಕೊಬ್ಬರಿ ವ್ಯಾಪಾರಿ ಪರಮೇಶಣ್ಣನ ಮಗಳ ಮದುವೆ, ಅರಸೀಕೆರೆಯ ಕಲ್ಯಾಣ ಮಂಟಪದಲ್ಲಿ. ಪರಮೇಶಣ್ಣನ ತಾಯಿ ಶಾಂತಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ಎತ್ತಿಕೊಂಡು ಬರುವುದೂ ಬೇಡವೆಂದು ವೈದ್ಯರು ಹೇಳಿದ್ದರು. ಮದುಮಗಳು ಆಕೆಯೇ ಸಾಕಿದ ಮೊಮ್ಮಗಳು. ಪರಮೇಶಣ್ಣ ನಮ್ಮಿಬ್ಬರಿಗೂ ಹೇಳಿದ್ದು ಒಂದೇ ಮಾತು: “ಬೇರೆ ಏನಾರ ಬಿಟ್ಟೋಗ್ಲಿ, ತಾಳಿ ಕಟ್ಟೋದು ಮಾತ್ರ ನಮ್ಮವ್ವಂಗೆ ಕಾಣ್ಬೇಕು. ಭಾನುವಾರ ಟೀವಿಲಿ ತೋರಿಸ್ತೀನಿ ಅಂತ ಮಾತು ಕೊಟ್ಟಿವ್ನಿ.”

ಅದಕ್ಕೇ ಎರಡು ಕ್ಯಾಮೆರಾ. ಒಂದು ಶಶಿಯದು, ಇನ್ನೊಂದು ಸ್ಟ್ಯಾಂಡಿನ ಮೇಲೆ. ನಾನು ಲೈಟ್ ಹಿಡಿದು ವೇದಿಕೆಯ ಬಳಿ.

ಸ್ಟುಡಿಯೊಗೆ ಬಂದವಳೇ ಎರಡೂ ಕ್ಯಾಮೆರಾದ ಕಾರ್ಡುಗಳನ್ನು ಒಟ್ಟಿಗೆ ಕಾಪಿಗೆ ಹಾಕಿದೆ. ಇಂಥ ವೇಗವನ್ನು ಅರಸೀಕೆರೆ ಕಂಡಿರಲಿಲ್ಲ. ಮುಗಿಯಿತು ಎಂಬ ಸಂದೇಶ ಬಂತು.

“ಮುಗೀತಾ? ಕಾರ್ಡ್ ಖಾಲಿ ಮಾಡ್ಲಾ? ಅರೇಹಳ್ಳಿ ಗೃಹಪ್ರವೇಶಕ್ಕೆ ಹೊರಡ್ಬೇಕು ಕಣೇ.”

“ಮಾಡು ಮಾರಾಯ. ಎಲ್ಲ ಭದ್ರ.”

ಕಾಪಿ ಮುಗಿಯಿತು ಎಂದರೆ ಸರಕು ಕಂಪ್ಯೂಟರಿನ ನೆನಪಿಗೆ ಬಂತು ಎಂದಷ್ಟೇ ಅರ್ಥ, ಡ್ರೈವಿಗೆ ಇಳಿಯಿತು ಎಂದಲ್ಲ. ಈ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರಿಗೆ ಪಾಠ ಕೂಡ ಮಾಡಿದ್ದೇನೆ. ಶಶಿ ಎರಡೂ ಕಾರ್ಡು ಅಳಿಸಿ, ಅರೇಹಳ್ಳಿಗೆ ಹೋಗಿ, ಅವುಗಳ ಮೇಲೆ ಯಾರದ್ದೋ ಮನೆಗೆ ಹಸು ನುಗ್ಗಿಸಿದ್ದನ್ನು ತುಂಬಿಸಿಕೊಂಡು ಬಂದ.

ಇತ್ತ ನನ್ನ ಪರದೆಯ ಮೇಲೆ ಕೆಂಪು ಸಾಲುಗಳು ಇಳಿಯುತ್ತಿದ್ದವು. ಕುಳಿತು ಓದಿದೆ. ಮೊದಲ ಕ್ಯಾಮೆರಾದ ತುಣುಕಿಗೆ ಒಂದು ಜಾಗ ಸಿಕ್ಕಿದೆ, ಎರಡನೆಯದರ ತುಣುಕಿಗೆ ಅದೇ ಖಾನೆಯಲ್ಲಿ ಅದರ ಮುಂದಿನ ಜಾಗ. ಬೀಗ ಇದ್ದಿದ್ದರೆ ಮೊದಲನೆಯದು ಹೊರಟ ಮೇಲೆಯೇ ಎರಡನೆಯದು ಹೊರಡಬೇಕಿತ್ತು. ಬೀಗ ಎಲ್ಲಿದೆ? ಎರಡನೆಯದು ಓಡಿಹೋಗಿ ಮೊದಲು ತಲುಪಿದೆ. ಹಿಂದಿನ ಜಾಗ ಖಾಲಿ ಇರುವಾಗ ಮುಂದೆ ಕಾಯಿ ಇಡುವ ಪದ್ಧತಿ ಡ್ರೈವಿಗಿಲ್ಲ. ತಿರುಗಿ ಎಸೆದಿದೆ. ಮುಹೂರ್ತದ ಎರಡನೇ ಕ್ಯಾಮೆರಾ ಪೂರ್ತಿ ಹೀಗೆ ತಿರಸ್ಕೃತ!

ಪರವಾಗಿಲ್ಲ, ಮೊದಲ ಕ್ಯಾಮೆರಾದ್ದು ಕೂತಿತ್ತು. ಬುದ್ಧಿ ಇದ್ದವರು ಅದನ್ನು ತಕ್ಷಣ ಬೇರೆ ಕಡೆಗೆ ತೆಗೆದಿಟ್ಟು, ಕೈ ಮುಗಿದು, ಎದ್ದು ಹೋಗುತ್ತಿದ್ದರು. ನಾನು ಮೊದಲು ತತ್ವವನ್ನು ಸರಿಪಡಿಸಲು ಹೊರಟೆ. ಹಳೆಯ ಬೀಗವನ್ನು ಹಿಂದಿನ ಸ್ಥಳಕ್ಕೆ ಹಾಕಿದರೆ ಸೋತಂತಲ್ಲವೇ? ಅದಕ್ಕೆ ನನ್ನದೇ ಇನ್ನೊಂದು ಹೊಸ ಬೀಗ ಸೇರಿಸಿದೆ. ಬರೆಯುವ ಕೆಲಸ ಮೊದಲು ಹಳೆ ಬೀಗ ಹಿಡಿದು ಆಮೇಲೆ ಹೊಸದನ್ನು ಕೇಳುತ್ತಿತ್ತು. ಅಳಿಸಿದ ಫೈಲುಗಳ ಕಸ ತೆಗೆದು ಖಾನೆ ಖಾಲಿ ಮಾಡುವ ಇನ್ನೊಂದು ಕೆಲಸ ಮೊದಲು ಹೊಸದನ್ನು ಹಿಡಿದು ಆಮೇಲೆ ಹಳೆಯದನ್ನು ಕೇಳುತ್ತಿತ್ತು. ಎರಡೂ ಅಲ್ಲಾಡದೆ ನಿಂತವು.

“ಏನಾಗೈತೆ ಈಗ?” ಎಂದ ಅರೇಹಳ್ಳಿಯಿಂದ ಬಂದ ಶಶಿ.

“ಬಚ್ಚಲಲ್ಲಿ ಇರೋಳು ಟವೆಲ್ ಕೊಡೋ ತನಕ ಬಾಗಿಲು ತೆಗೆಯಲ್ಲ ಅಂತಿದಾಳೆ. ಟವೆಲ್ ಇಟ್ಕೊಂಡಿರೋನು ಬಾಗಿಲು ತೆಗೆಯೋ ತನಕ ಟವೆಲ್ ಕೊಡಲ್ಲ ಅಂತಿದಾನೆ.”

“ಯಾವಾಗ ಹೊರಗ್ ಬತ್ತಾರೆ?”

“ಬರಲ್ಲ.”

ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಈಗ ಆ ಖಾನೆಯ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಫೈಲ್ ಸಿಸ್ಟಂ ಮುನಿಸಿಕೊಂಡು ಕೂತಿತು. ಖಾನೆಯನ್ನು ಖಾಲಿ ಮಾಡಿ ಮೊದಲಿಂದ ಶುರು ಮಾಡುವ ಆಜ್ಞೆಯೊಂದಿದೆ. ಅಲ್ಲಿರುವುದು ಎರಡನೇ ಕ್ಯಾಮೆರಾದ ಹಾಳು ಚೂರುಗಳು ಮಾತ್ರ, ಆದ್ದರಿಂದ ಖಾಲಿ ಮಾಡಿದರೆ ನಷ್ಟವಿಲ್ಲ ಎಂದು ನನಗೆ ನಾನೇ ಮಂಡಿಸಿ, ನಾನೇ ಅನುಮೋದಿಸಿ, ಗುಂಡಿ ಒತ್ತಿದೆ.

ಎರಡೂ ಕ್ಯಾಮೆರಾ ಒಂದೇ ಖಾನೆಗೆ ಬರೆಯುತ್ತಿದ್ದವು ಎಂದು ಸ್ವಲ್ಪ ಹೊತ್ತಿನ ಮೊದಲು ಕಂಡುಹಿಡಿದವಳು ನಾನೇ! ನನ್ನ ಮಾತನ್ನು ನಾನೂ ಕೇಳಿಸಿಕೊಳ್ಳುವುದಿಲ್ಲ ಎಂಬುದು ಅಂದು ಸಾಬೀತಾಯಿತು. ಮೊದಲ ಕ್ಯಾಮೆರಾದ ಮುಹೂರ್ತವೂ ಹೋಯಿತು. ಬೇರೆ ಖಾನೆಗಳಲ್ಲಿದ್ದ ಊಟದ ಪಂಕ್ತಿ ಮಾತ್ರ ಅತ್ಯುತ್ತಮ ಗುಣಮಟ್ಟದಲ್ಲಿ ಉಳಿಯಿತು. ಹೋಳಿಗೆಯ ಮೇಲೆ ತುಪ್ಪ ಇಳಿಯುವುದು ಕೂಡ ಕಾಣುತ್ತಿತ್ತು.

ಶಶಿ ಬೈಯಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟ. “ವಾದ ಮಾಡ್ದೋಳು ನೀನು. ನೀನೇ ಹೇಳು.”

ಹೇಳಿದೆ. ಪರಮೇಶಣ್ಣ ಅದನ್ನೇ ಇನ್ನೊಂದು ಸಲ ಹೇಳಿಸಿದರು.

“ಹಿಂಗಂದ್ರೆ ಹೆಂಗಮ್ಮ? ಅವ್ವ ದಿನಾ ಕೇಳ್ತಾವ್ಳೆ, ಭಾನುವಾರ ಯಾವಾಗ ಅಂತ.”

“ಊಟದ್ದೆಲ್ಲ ಬಹಳ ಚೆನ್ನಾಗಿ ಬಂದಿದೆ ಅಣ್ಣ...”

“ನಮ್ಮವ್ವ ಊಟ ನೋಡಕ್ಕಾ ಕಾಯ್ಕಂಡಿರೋದು?”

ಎರಡೂ ಕಡೆ ವಾದಿಸಿ ಕಪ್ ಹೊತ್ತು ತಂದವಳು ಫೋನ್ ಕೆಳಗಿಟ್ಟೆ. ಗೋಡೆಗೆ ಒರಗಿ ಕೂತುಬಿಟ್ಟೆ. ಅತ್ತೆ ಕಾಫಿ ತಂದಿಟ್ಟರು. “ಈಗಿನ್ ಮದ್ವೆಲಿ ಫೋನ್ ಎತ್ತಿ ಹಿಡೀದೋರು ಯಾರವ್ರೆ? ನೆಂಟ್ರುನ್ನೆಲ್ಲ ಕೇಳ್ರೋ” ಎಂದರು.

ಶಶಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದ. ಹುಡುಗರೆಲ್ಲ ತಮ್ಮ ಮುಖವನ್ನೇ ತೆಗೆದುಕೊಂಡಿದ್ದರು, ಹಿಂದೆ ಮಸುಕಾಗಿ ಎಲ್ಲೋ ಮದುವೆ. ಕೊನೆಗೆ ಮದುಮಗಳ ಸೋದರತ್ತೆ ನಾಗರತ್ನಮ್ಮನವರ ಫೋನಿನಲ್ಲಿ ತಾಳಿ ಕಟ್ಟುವುದು ಪೂರ್ತಿ ಇದೆಯೆಂದು ಗೊತ್ತಾಯಿತು. ಶಶಿ ಅದನ್ನು ಒಬ್ಬನೇ ಕೂತು ಜೋಡಿಸಿದ. ನಾನು ಕಂಪ್ಯೂಟರಿನ ಹತ್ತಿರ ಸುಳಿಯಲೇ ಇಲ್ಲ. ಸುಳಿಯದಂತೆ ಕೋರಲಾಗಿತ್ತು.

ಭಾನುವಾರ ಕಣಕಟ್ಟೆ. ಶಾಂತಜ್ಜಿಯ ಮಂಚವನ್ನು ಟೀವಿಯ ಮುಂದಕ್ಕೆ ತಂದಿದ್ದರು. ಬೆನ್ನಿಗೆ ದಿಂಬು, ಸುತ್ತ ಇಡೀ ಮನೆ. ಓಲಗದ ಸದ್ದು ಏರಿತು. ಪರದೆಯ ಮುಕ್ಕಾಲು ಭಾಗವನ್ನು ಒಂದು ಹಸಿರು ಚೂಡಿದಾರದ ಬೆನ್ನು ಆವರಿಸಿತ್ತು. ಆ ಬೆನ್ನಿನ ಒಡತಿ ಒಂದು ಕೈಯಲ್ಲಿ ಲೈಟ್ ಹಿಡಿದು, ಇನ್ನೊಂದನ್ನು ಚರ್ಚಾಸ್ಪರ್ಧೆಯ ಠೀವಿಯಲ್ಲಿ ಸೊಂಟಕ್ಕೆ ಊರಿದ್ದಳು. ಮೊಣಕೈಗೂ ಸೊಂಟಕ್ಕೂ ನಡುವಿನ ತ್ರಿಕೋನದ ಕಿಂಡಿಯಲ್ಲಿ ಮದುಮಗಳ ಕುತ್ತಿಗೆ, ಹುಡುಗನ ಬೆರಳು, ತಾಳಿ.

“ಕಾಣ್ತಾ ಐತೆ ಕಣ್ಲಾ, ಕಾಣ್ತಾ ಐತೆ!” ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಉಸಿರು ಬಂತು.

ಅಷ್ಟರಲ್ಲಿ ಟೀವಿಯಲ್ಲಿ ನಾಗರತ್ನಮ್ಮನವರ ದನಿ: “ವಸಿ ಪಕ್ಕಕ್ಕೆ ಸರಿಯಮ್ಮ.”

ಹಸಿರು ಬೆನ್ನು ತಿರುಗಲಿಲ್ಲ. ದನಿ ಮಾತ್ರ ಓಲಗವನ್ನೂ ಮೀರಿ ಕೇಳಿಸಿತು: “ಫೋನ್ ಒಳಗಿಡ್ರೀ ಅಮ್ಮ! ಸುಮ್ನೆ ಯಾಕೆ ಅಡ್ಡ? ನಮ್ದು ಎರಡೆರಡು ಕ್ಯಾಮೆರಾ ಇದೆ. ನನ್ನ ಹತ್ರ ಬಂದದ್ದು ಒಂದೂ ಕಳೆದಿಲ್ಲ.”

ಮನೆಯವರೆಲ್ಲ ನನ್ನತ್ತ ತಿರುಗಿದರು. ನಾನು ಶಶಿಯತ್ತ ತಿರುಗಿದೆ.

“ದನಿ ತೆಗೀಬಹುದಿತ್ತಲ್ಲೋ!”

“ತೆಗೆದ್ರೆ ಓಲಗಾನೂ ಹೋಗ್ತಿತ್ತು ಕಣೇ,” ಎಂದ, ಅತ್ಯಂತ ವಿನಯದಿಂದ.

“ಇನ್ನೊಂದ್ಸಲ ಹಾಕ್ಲಾ,” ಎಂದರು ಶಾಂತಜ್ಜಿ.

ಹಾಕಿದ. ನಾನು ಮತ್ತೊಮ್ಮೆ ಅಡ್ಡ ನಿಂತು, ಅಷ್ಟೇ ಖಚಿತವಾಗಿ, ಅದನ್ನೇ ಹೇಳಿದೆ.