ಎರಡು ನದಿ, ಐದು ಮೀನು

ರಾಯಚೂರಿನ ಬಿಸಿಲಲ್ಲಿ ಐವತ್ತು ಬೇಸಿಗೆ ಬೇಯದೆ ಉಳಿದವನು ನಾನು. ಅಂಥವನಿಗೆ ಗಾಜಿನ ತೊಟ್ಟಿಯಲ್ಲಿ ಐದು ಮೀನುಗಳನ್ನು ಹತ್ತು ದಿನ ಬದುಕಿಸುವುದು ಯಾವ ಘನಂದಾರಿ ಕೆಲಸ! ಪಕ್ಕದ ಮನೆಯ ಸೈಮಾ ಟೀಚರ್ ಮಗಳ ಬಾಣಂತನಕ್ಕೆ ಹೈದರಾಬಾದಿಗೆ ಹೊರಟಾಗ ತಮ್ಮ ಗೋಲ್ಡ್ ಫಿಶ್ ತೊಟ್ಟಿಯನ್ನು ನಮ್ಮ ಪಡಸಾಲೆಯಲ್ಲಿಟ್ಟು, "ಅಣ್ಣಾರ, ಇವು ನನ್ನ ಮಕ್ಕಳಿದ್ದಂಗ. ನಿಮ್ಮ ಮ್ಯಾಲ ಭರೋಸಾ ಅದ" ಎಂದರು. ಮೀನಮೇಷ ಎಣಿಸದೆ ಒಪ್ಪಿದೆ. ಶುಚಿತ್ವ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ ಎಂದು ಕಾನ್ವೆಂಟಿನ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ್ದರಲ್ಲ!

ಮೂರನೇ ದಿನ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಯಿತು.

"ಕಾಳು ಭಾಳ ಹಾಕೀರೇನ್ರೀ?" ಎಂದಳು ನನ್ನ ಹೆಂಡತಿ ಸುನಂದಾ.

"ಮುಂಜಾನಿ ಒಂದು ಮುಷ್ಟಿ, ಅಷ್ಟ."

"ಅಯ್ಯ! ಉಪಾಸ ಅದಾವ ಅಂತ ನಾನೂ ಸಂಜಿಕ ಒಂದು ಮುಷ್ಟಿ ಹಾಕಾಕತ್ತೀನಲ್ರೀ!"

"ಕಾಳಿನ ಮಾತು ಬಿಡು. ಇದು ನಳದ ನೀರಿನ ದೋಷ. ಹರಿಯೋ ನೀರು ಬೇಕು, ನಮ್ಮ ಕೃಷ್ಣಾ ನೀರು!"

ಲೋಕವೆಲ್ಲ ಸಮಸ್ಯೆ ಬಂದರೆ ಫೋನಿನ ಗೂಗಲ್ ತೆರೆಯುತ್ತದೆ. ದೇವದುರ್ಗದವನಾದ ನಾನು ಕೃಷ್ಣಾ ದಂಡೆಯ ಗೂಗಲ್ ಎಂಬ ಊರಿಗೇ ಹೋಗಿ ನಾಲ್ಕು ಕ್ಯಾನ್ ನೀರು ತಂದೆ. ಹಳೆಯ ನೀರನ್ನು ಹನಿಯೂ ಬಿಡದೆ ಚೆಲ್ಲಿದೆ. ಫಿಲ್ಟರಿನ ಕರಿ ಜಿಡ್ಡಿನ ಸ್ಪಂಜನ್ನು ಸೋಪಿನ ಪುಡಿ ಹಾಕಿ ಉಜ್ಜಿ ಇಡ್ಲಿಯಷ್ಟು ಬೆಳ್ಳಗೆ ಮಾಡಿದೆ. ತೊಟ್ಟಿ ಥಳಥಳ! ಮೀನುಗಳು ಮಾತ್ರ ಮೂಲೆ ಸೇರಿದವು.

ಮಾನ್ವಿ ಕಡೆಯ ಸುನಂದಾ ಬಿಡುವಳೇ? "ಕೃಷ್ಣಾ ನೀರು ಕುಡಿದವರ ಸಿಟ್ಟು ಇಪ್ಪತ್ತೈದು ವರ್ಷ ನಾನು ತಡಕೊಂಡೀನಿ, ಪಾಪ ಮೀನ ಹೆಂಗ ತಡಕೊಂತಾವ? ನಮ್ಮ ತುಂಗಭದ್ರಾ ನೋಡ್ರಿ, ತಣ್ಣಗ!"

ಮರುದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವಳ ತಮ್ಮ ಉಮೇಶ ಹೊಳೆದಂಡೆಯ ಚೀಕಲಪರ್ವಿಯಿಂದ ತುಂಗಭದ್ರೆಯನ್ನು ಬೈಕಿನ ಮೇಲೆ ತಂದು ಇಳಿಸಿಯಾಗಿತ್ತು.

"ನನ್ನ ಕೃಷ್ಣಾನ್ನ ಬಚ್ಚಲಕ್ಕ ಬಿಟ್ಟಿಯೇನು?"

"ಬದನಿ ಗಿಡಕ್ಕ ಹಾಕೀನಿ. ನಿಮ್ಮಂಗ ದಂಡ ಮಾಡಂಗಿಲ್ಲ."

ಮರುದಿನ ಮತ್ತೆ ಕೃಷ್ಣೆ, ಅದರ ಮರುದಿನ ಮತ್ತೆ ತುಂಗಭದ್ರೆ. ಈ ಎರಡು ನದಿಗಳ ನಡುವಿನ ಸೀಮೆಗಾಗಿ ಹಿಂದೆ ರಾಜರು ಕಾದಾಡಿದರಂತೆ. ಅವರ ಆನೆ, ಕುದುರೆಗಳ ಸ್ಥಾನದಲ್ಲಿ ಈಗ ಪ್ಲಾಸ್ಟಿಕ್ ಕ್ಯಾನುಗಳು!

ಏಳನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂದಂತೂ ವಾಲಿಕೊಂಡೇ ತೇಲುತ್ತಿತ್ತು. ಸರಿಯಾಗಿ ಆಗಲೇ ಸೈಮಾ ಫೋನು: "ಬಾಣಂತಿ, ಕೂಸು ಆರಾಮ ಅದಾರ. ಎರಡು ದಿನ ಮೊದಲ, ನಾಳಿ ಸಂಜಿಕನ ಬರಾಕತ್ತೀನಿ. ನನ್ನ ಮಕ್ಕಳು ಹೆಂಗ ಅದಾವ?"

"ಮ್ಯಾಲ ಬಂದು ನಿಮ್ಮ ದಾರಿ ನೋಡಾಕತ್ತಾವ್ರೀ!"

ಫೋನಿಟ್ಟವನೇ ಮೀನಿನ ಅಂಗಡಿಯ ಶಾಮೀದಸಾಬರನ್ನು ಕರೆತಂದೆ. ಅವರು ಸಣ್ಣ ಶೀಶೆಯಲ್ಲಿ ನೀರು ಹಿಡಿದು, ಎರಡು ತರದ ಔಷಧಿ ಹನಿ ಬಿಟ್ಟರು. ನೀರು ಹಸಿರಾಯಿತು. ಸಾಬರ ಮುಖ ಕೆಂಪಾಯಿತು.

"ಪೂರಾ ಅಮೋನಿಯಾ, ವಿಷ! ಸ್ಪಂಜು ಏನು ಮಾಡೀರಿ?"

"ಸೋಪು ಹಾಕಿ ತೊಳದೀನಿ," ಎಂದೆ ಎದೆಯುಬ್ಬಿಸಿ.

"ಯಾ ಅಲ್ಲಾ! ಮೀನಿನ ಹೊಲಸು ತಿಂದು ನೀರು ಚಲೋ ಇಡೋ ಜೀವಾಣು ಆ ಜಿಡ್ಡಿನಾಗ ಇರ್ತಾವ್ರೀ. ಕಸ ಗುಡಿಸೋರನ್ನ ಕೊಂದು, ಮನಿ ಯಾಕ ಹೊಲಸಾತು ಅಂತೀರಲ್ಲ!"

"ಅದಿರ್ಲಿ, ಯಾವ ಹೊಳಿ ನೀರು ಚಲೋ ಹೇಳ್ರಿ," ಎಂದಳು ಸುನಂದಾ.

"ಎರಡೂ ಚಲೋನ ಅವ್ವಾ. ದಿನಾ ಬದಲ್ ಮಾಡೋ ನೀವಿಬ್ಬರೂ ಚಲೋ ಇಲ್ಲ. ಮೀನಿಗಿ ರೋಗ ಬಂದಿಲ್ಲ, ನೀವ ರೋಗ ಆಗೀರಿ!"

ನನ್ನ ನೀರಿಳಿಸಿದ ಮೇಲೆ ತೊಟ್ಟಿಯ ನೀರನ್ನೂ ಅರ್ಧ ಇಳಿಸಿ, ತಾವು ತಂದ ನೀರು ತುಂಬಿದರು. ತಮ್ಮ ಅಂಗಡಿಯ ಹಳೆಯ ಕರಿ ಸ್ಪಂಜನ್ನು ಒಳಗೆ ಸಿಕ್ಕಿಸಿ, "ಕಾಳು ಬಂದ್. ಕೈ ಬಂದ್!" ಎಂದು ಅಪ್ಪಣೆ ಕೊಟ್ಟರು. ಸ್ಪಂಜಿನಿಂದ ಒಸರಿದ ಆ ಕರಿ ರಾಡಿಯ ಮುಂದೆ ನಾವಿಬ್ಬರೂ ಕೈಮುಗಿದು ಕೂತೆವು.

ಮರುದಿನ ಸಂಜೆ ಸೈಮಾ ಬಂದಾಗ ಐದೂ ಮೀನುಗಳು ನೆಟ್ಟಗೆ ಈಜುತ್ತಿದ್ದವು! ಅವರು ಬಗ್ಗಿ ನೋಡಿದರು, ಕರಿ ಸ್ಪಂಜು ಮುಟ್ಟಿದರು, ಕಣ್ಣು ತುಂಬಿಕೊಂಡರು.

"ಅಣ್ಣಾರ, ಸ್ಪಂಜಿಗಿ ಕೈನ ಹಚ್ಚಿಲ್ಲ ನೀವು! ಹೋದ ಸಲ ನನ್ನ ತಂಗಿ ಬರೇ ತೊಳದು ತೊಳದು ಮೂರು ಮೀನ ಸಾಯಿಸಿದ್ದಳು. ಬಿದ್ದ ಕಡ್ಡಿ ಎತ್ತಿಡದ ಮನಿಷಾ ಯಾರದಾರ ಅಂತ ಇಡೀ ಓಣಿ ವಿಚಾರ ಮಾಡಿದೆ. ಸುನಂದಕ್ಕ ನಿಮ್ಮ ಹೆಸರು ಹೇಳಿದ್ರು!"

ಸುನಂದಾ ಫ್ಯಾನಿನ ರೆಕ್ಕೆ ಎಣಿಸತೊಡಗಿದಳು. ಹುಟ್ಟಿದಾಗಿನಿಂದ ಒಂದೇ ವಾರ ಮೈಮುರಿದು ದುಡಿದಿದ್ದೆ. ಅದನ್ನೂ ಹೇಳಿಕೊಳ್ಳುವ ಹಾಗಿಲ್ಲ!