ನನ್ನ ಕಂಪ್ಯೂಟರಿನ ರೋಗ ಕಾಕಾರ ಕಂಪ್ಯೂಟರಿಗೆ

ನಮ್ಮ ಬೈಲಹೊಂಗಲದಲ್ಲಿ ಕಂಪ್ಯೂಟರ್ ಕೊಂಡವರು ಬಹಳ ಮಂದಿ ಇದ್ದಾರೆ. ನಮ್ಮ ಓಣಿಯಲ್ಲಿ ಅದನ್ನು ಕೈಯಾರೆ ಕೂಡಿಸಿದವನು ನಾನೊಬ್ಬನೇ! ಹುಬ್ಬಳ್ಳಿಯಿಂದ ಬಿಡಿಭಾಗ ತಂದು, ನನ್ನ ಸೀರೆ ಅಂಗಡಿಗೆ ಎರಡು ದಿನ ಬೀಗ ಹಾಕಿ, ವಿಡಿಯೋ ನೋಡುತ್ತ ಜೋಡಿಸಿದ್ದೆ. ಹೀಗಾಗಿ ಒಂದು ಶನಿವಾರ ಮಧ್ಯಾಹ್ನ ಅದು ಕೈಕೊಟ್ಟಾಗ ನನಗೆ ಒಳಗೊಳಗೇ ಖುಷಿಯಾಯಿತು. ವಿದ್ಯೆ ತೋರಿಸಲು ಅವಕಾಶ ಬೇಕಲ್ಲ!

ಫ್ಯಾನು ತಿರುಗುತ್ತಿತ್ತು, ದೀಪ ಹತ್ತಿತ್ತು. ಪರದೆ ಮಾತ್ರ ಕಪ್ಪು. ಒಳಗಿನಿಂದ ಕುಂಯ್, ಕುಂಯ್, ಕುಂಯ್ ಎಂಬ ಅಳು.

ಹೆಂಡತಿ ಶೈಲಾ ಓಡಿ ಬಂದಳು. ಆಕೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಸೋಮವಾರದ ಎಂಟನೇ ತರಗತಿಯ ಪ್ರಶ್ನೆಪತ್ರಿಕೆ ಅದರೊಳಗಿತ್ತು. ಅಂದೇ ಸಂಜೆ ನಾಲ್ಕರೊಳಗೆ ಪ್ರೆಸ್ಸಿಗೆ ಮುಟ್ಟಿಸಬೇಕು.

"ಪೆನ್‌ಡ್ರೈವಿನ್ಯಾಗ ಒಂದು ಕಾಪಿ ಹಾಕಿ ಇಡ್ರಿ ಅಂತ ಬಡಕೊಂಡೆ. ಕೇಳಿದ್ರೇನು?"

ಕೇಳಿರಲಿಲ್ಲ. ನಾನು ಕೂಡಿಸಿದ ಯಂತ್ರಕ್ಕೆ ಅದು ಅವಮಾನವೆಂದಿದ್ದೆ.

"ಹೋಗ್ಲಿ, ಡಿಸ್ಕ್ ತಗದು ಬಾಜೂ ಮನಿ ಕಾಕಾರ ಕಂಪ್ಯೂಟರಿಗೆ ಹಚ್ಚಿ ಪೇಪರ್ ತಗೀರಿ."

"ಮೊದಲ ರೋಗ ಯಾವುದು ಅಂತ ಪತ್ತೆ ಹಚ್ಚತೇನಿ. ನೀ ಸುಮ್ಕಿರು!"

ಪಕ್ಕದ ಮನೆಯ ಮಲ್ಲಪ್ಪ ಕಾಕಾ ಜನರಿಗೆ ಅರ್ಜಿ ಟೈಪ್ ಮಾಡಿಕೊಡುವವರು. ರ‍್ಯಾಮ್ ಎಂಬ ನನ್ನ ಕಂಪ್ಯೂಟರಿನ ಮೆಮೊರಿ ಪಟ್ಟಿ ಹೋಗಿರಬೇಕೆಂದು ತೀರ್ಮಾನಿಸಿ, ಅವರ ಕಂಪ್ಯೂಟರಿನ ಪಟ್ಟಿಯನ್ನೇ ಕಿತ್ತು ತಂದು ನನ್ನದಕ್ಕೆ ಸಿಕ್ಕಿಸಿದೆ. ಕುಂಯ್, ಕುಂಯ್, ಕುಂಯ್!

"ರ‍್ಯಾಮ್ ನಿರಪರಾಧಿ," ಎಂದು ತೀರ್ಪು ಕೊಟ್ಟೆ. "ಮದರ್‌ಬೋರ್ಡ್ ತೀರಿಕೊಂಡೈತಿ."

ಶೈಲಾ ಗಡಿಯಾರ ನೋಡಿದಳು. ಮೂರಕ್ಕೆ ಹತ್ತು ನಿಮಿಷ. ಆಕೆಯ ಮುಖ ನೋಡಿ ನನಗೂ ಹೆದರಿಕೆಯಾಯಿತು. ಕಾಕಾರ ಪಟ್ಟಿಯನ್ನು ಅವರ ಕಂಪ್ಯೂಟರಿಗೇ ಮರಳಿ ಹಾಕಿ, ಆಕೆ ಹೇಳಿದಂತೆ ಡಿಸ್ಕ್ ಹಚ್ಚಿ ಗುಂಡಿ ಒತ್ತಿದೆ.

ಕುಂಯ್, ಕುಂಯ್, ಕುಂಯ್!

ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು.

"ತಮ್ಮಾ, ನಂದು ಚಲೋ ಇತ್ತಲ್ಲೋ! ಅದಕ್ಕೇನ್ ಮಾಡಿದಿ?"

"ಕಾಕಾರ, ಇದು ಅಂಟುರೋಗ ಇದ್ದಂಗ ಕಾಣತೈತ್ರಿ," ಎಂದೆ. ಒಂದು ಕಂಪ್ಯೂಟರನ್ನು ಬದುಕಿಸಲು ಹೋಗಿ ಎರಡನ್ನು ಕೊಂದಿದ್ದೆ. ಪ್ರಶ್ನೆಪತ್ರಿಕೆಗೆ ಉಳಿದಿದ್ದ ಒಂದೇ ದಾರಿಗೂ ನಾನೇ ಮಣ್ಣು ಹಾಕಿದ್ದೆ!

ಶೈಲಾ ಟಾರ್ಚ್ ಹಿಡಿದು, ಕಾಕಾರ ಪಟ್ಟಿಯನ್ನು ಕಿತ್ತು ಅದರ ಅಂಚಿನ ಲೋಹದ ಹಲ್ಲುಗಳನ್ನು ನೋಡಿದಳು. ಮನೆಗೆ ಹೋಗಿ ನಮ್ಮ ಕಂಪ್ಯೂಟರಿನ ಡಬ್ಬದೊಳಗೆ ಇಣುಕಿದಳು. ಆಮೇಲೆ ಮರಳಿ ಬಂದು ನನ್ನನ್ನು ನೋಡಿದಳು.

"ಏನ್ರೀ ಇದು, ಹಳದಿ ಪುಡಿ?"

ನಾನು ನೆಲ ನೋಡಿದೆ. ಹಿಂದಿನ ದಿನ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಿದ್ದೆ. ಅಲ್ಲಿ ಜನ ಹೊಸ ಟ್ರ್ಯಾಕ್ಟರಿಗೆ, ಮೋಟರ್ ಸೈಕಲ್ಲಿಗೆ ಭಂಡಾರ, ಅಂದರೆ ದೇವಿಯ ಅರಿಶಿನ ಪುಡಿ, ಹಚ್ಚುತ್ತಿದ್ದರು. ಸ್ವಂತ ಕೈಯಿಂದ ಕೂಡಿಸಿದ ಯಂತ್ರಕ್ಕೆ ಹೊರಗಷ್ಟೇ ಹಚ್ಚಿದರೆ ಹೇಗೆ? ಮನೆಗೆ ಬಂದು, ಯಾರಿಗೂ ಹೇಳದೆ, ಒಂದೊಂದೇ ಭಾಗ ಬಿಚ್ಚಿ, ಭೇದ ಮಾಡದೆ ಎಲ್ಲದಕ್ಕೂ ಭಂಡಾರ ಹಚ್ಚಿ ಮತ್ತೆ ಕೂಡಿಸಿದ್ದೆ. ಭಕ್ತಿಯಲ್ಲಿ ದೋಷ ಹುಡುಕಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಕಾಕಾರ ಪಟ್ಟಿ ನನ್ನ ಕಂಪ್ಯೂಟರಿನಿಂದ ಹಳದಿ ಮೆತ್ತಿಕೊಂಡು ಹೋಗಿತ್ತು.

"ಭಂಡಾರ ಹಣಿಗೆ ಹಚ್ಚತಾರ್ರೀ! ಹಲ್ಲಿಗೆ ತಿಕ್ಕತಾರೇನು?"

ಆಕೆ ಕಂಪಾಸ್ ಪೆಟ್ಟಿಗೆಯಿಂದ ರಬ್ಬರ್ ತೆಗೆದು ಪಟ್ಟಿಗಳ ಹಲ್ಲು ತಿಕ್ಕಿದಳು. ಒಣ ಬ್ರಷ್ಷಿನಿಂದ ಸಂದುಗಳನ್ನು ಗುಡಿಸಿದಳು. ಎಲ್ಲವನ್ನೂ ಕೂಡಿಸಿ ಗುಂಡಿ ಒತ್ತಿದಳು. ನಮ್ಮದೂ ಎದ್ದಿತು, ಕಾಕಾರದೂ ಎದ್ದಿತು.

"ಗುಡ್ಡಕ್ಕ ಹೋಗದನ ನನ್ನ ಮಷೀನಿಗೆ ಪ್ರಸಾದ ಸಿಕ್ತು ಬಿಡೋ ತಮ್ಮಾ!" ಎಂದು ಕಾಕಾ ನಕ್ಕರು. ನನಗೆ ನಗು ಬರಲಿಲ್ಲ.

ಗಂಟೆ ಮೂರೂವರೆ. ಪ್ರೆಸ್ಸಿಗೆ ಹೊರಡುವುದು ಬಿಟ್ಟು ಶೈಲಾ ಟಕಟಕ ಟೈಪ್ ಮಾಡತೊಡಗಿದಳು.

"ಹೊತ್ತಾತು, ಏನ್ ಮಾಡಾಕತ್ತಿ?"

"ಒಂದು ಪ್ರಶ್ನಿ ಬದಲ ಮಾಡೂದೈತಿ."

ಬಗ್ಗಿ ಓದಿದೆ. "ವಿದ್ಯುತ್ ಹರಿಯಬೇಕಾದ ಎರಡು ಲೋಹದ ಭಾಗಗಳ ನಡುವೆ ಅರಿಶಿನ ಪುಡಿ ಸಿಕ್ಕಿದರೆ ಏನಾಗುತ್ತದೆ? ಕಾರಣ ಕೊಡಿ. ಎರಡು ಅಂಕ."

ಪತ್ರಿಕೆ ನಾಲ್ಕಕ್ಕೆ ಐದು ನಿಮಿಷ ಇರುವಾಗ ಪ್ರೆಸ್ ಮುಟ್ಟಿತು. ಮುಂದಿನ ವಾರ ಆಕೆ ಉತ್ತರಪತ್ರಿಕೆ ತಿದ್ದುವಾಗ ತಡೆಯಲಾಗದೆ ಕೇಳಿದೆ.

"ಆ ಪ್ರಶ್ನಿಗೆ ಎಷ್ಟು ಮಂದಿ ಸರಿ ಬರದಾರ?"

"ಎಲ್ಲಾರೂ," ಎಂದು ಒಂದು ಹಾಳೆಯನ್ನು ನನ್ನತ್ತ ಸರಿಸಿದಳು.

"ಅರಿಶಿನ ಅವಾಹಕ, ವಿದ್ಯುತ್ ಹರಿಯುವುದಿಲ್ಲ," ಎಂದು ಬರೆದಿದ್ದ ಹುಡುಗ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದ: "ಆದರೆ ಟೀಚರ್, ಹೀಗೆ ಯಾರೂ ಮಾಡುವುದಿಲ್ಲ."

ಶೈಲಾ ಅವನ ಎರಡನೇ ಸಾಲಿಗೆ ಮಾತ್ರ ತಪ್ಪು ಗುರುತು ಹಾಕಿದ್ದಳು.